ಬ್ರಿಟನ್ನಿನ ಹಳೆಯ ಹೆಲ್ತ್ ರಿಪೋರ್ಟುಗಳನ್ನು ನಾನು ಓದಿದ ಬಗೆ

ಇಂಗ್ಲೆಂಡಿನಲ್ಲಿ 1974ರವರೆಗೆ ಪ್ರತಿ ಊರಿನ ಕೌನ್ಸಿಲ್ಲಿಗೂ ಒಬ್ಬ ಮೆಡಿಕಲ್ ಆಫೀಸರ್ ಆಫ್ ಹೆಲ್ತ್ ಇರಲೇಬೇಕಿತ್ತು. ಸಣ್ಣ ಊರುಗಳಾದರೆ ಎರಡು ಮೂರು ಕೌನ್ಸಿಲ್ ಸೇರಿ ಒಬ್ಬರನ್ನೇ ಇಟ್ಟುಕೊಳ್ಳುತ್ತಿದ್ದವು. ಈ ಡಾಕ್ಟರು ವರ್ಷಕ್ಕೊಂದು ವರದಿ ಬರೆದು ಕೌನ್ಸಿಲ್ ಮುಂದಿಡಬೇಕು. ಎಷ್ಟು ಮಕ್ಕಳು ಹುಟ್ಟಿದವು, ಯಾವ ಕಾಯಿಲೆಯಿಂದ ಎಷ್ಟು ಜನ ಸತ್ತರು, ಎಷ್ಟು ಚರಂಡಿ ಕಟ್ಟಿಕೊಂಡಿತ್ತು, ಎಷ್ಟು ಮಾಂಸ ತಿನ್ನಲು ಯೋಗ್ಯವಲ್ಲ ಎಂದು ತೆಗೆದು ಹಾಕಿದರು, ಯಾವ ದರ್ಜೆಯ ಐಸ್‌ಕ್ರೀಮ್ ಮಾರುತ್ತಿದ್ದರು, ಎಲ್ಲ ಅದರಲ್ಲಿರುತ್ತಿತ್ತು.

ನಾನು ಪುರಸಭೆಗಳಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತನಾದವನು. ಮಗಳು ಪಶ್ಚಿಮ ಲಂಡನ್ನಿನಲ್ಲಿದ್ದಾಳೆ, ವರ್ಷದಲ್ಲಿ ಕೆಲವು ತಿಂಗಳು ನಾವಿಬ್ಬರೂ ಅಲ್ಲೇ. ಮೊಮ್ಮಕ್ಕಳು ಸ್ಕೂಲಿಗೆ ಹೋದ ಮೇಲೆ ಹೊತ್ತು ಕಳೆಯಬೇಕಲ್ಲ. ಲಂಡನ್ ಮತ್ತು ಸುತ್ತಲಿನ ಊರುಗಳ ಇಂಥ 5,500ಕ್ಕೂ ಹೆಚ್ಚು ವರದಿಗಳನ್ನು ವೆಲ್‌ಕಮ್ ಲೈಬ್ರರಿಯವರು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಓದುವ ಹಾಗೆ ಇಟ್ಟಿದ್ದಾರೆ, 1848ರಿಂದ 1972ರವರೆಗಿನವು. ಅವುಗಳಲ್ಲಿ ಎರಡನೇ ಮಹಾಯುದ್ಧ ಮುಗಿದಾಗಿನಿಂದ 1970ರ ಆಸುಪಾಸಿನವರೆಗಿನವನ್ನು ಹಿಡಿದು ಕೂತೆ. ಇಂಥ ಲೆಕ್ಕ ಬರೆದೇ ನನ್ನ ಸರ್ವೀಸು ಮುಗಿದಿದ್ದು. ಹಾಗಾಗಿ ಬರೆದವರು ಎಲ್ಲಿ ಉಸಿರು ಹಿಡಿದು ಬರೆದಿದ್ದಾರೆ, ಎಲ್ಲಿ ಹಿಂದಿನ ವರ್ಷದ ಪುಟವನ್ನೇ ಮತ್ತೆ ಟೈಪ್ ಮಾಡಿಸಿದ್ದಾರೆ ಎನ್ನುವುದು ಸ್ವಲ್ಪ ಬೇಗ ತಿಳಿಯುತ್ತದೆ.

ಇತಿಹಾಸದ ವಿದ್ಯಾರ್ಥಿಗಳು ಕೆಲವರು ಹೇಗೆ ಓದಿದಿರಿ ಎಂದು ಕೇಳಿದರು. ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಹೇಳುವುದು ಒಂದೇ. ಯಾವ ಅಂಕಿ ನೋಡುವ ಮುಂಚೆಯೂ, ಆ ವರ್ಷ ಆ ಊರಿನಲ್ಲಿ ಈ ಕೆಲಸ ಯಾರದಾಗಿತ್ತು ಎಂದು ಕೇಳಬೇಕು. ಇದನ್ನು ಕೇಳದೆ ಓದಿದರೆ ಅರ್ಧ ವರದಿ ತಪ್ಪಾಗಿ ಅರ್ಥವಾಗುತ್ತದೆ.

ಪಶ್ಚಿಮ ಲಂಡನ್ನಿನ ಸೌತಾಲ್ ಅನ್ನೇ ತೆಗೆದುಕೊಳ್ಳಿ. ಈಗ ಅದು ಪಂಜಾಬಿಗಳ ಊರೆಂದೇ ಹೆಸರಾಗಿದೆ. 1965ರವರೆಗೆ ಅದು ಮಿಡ್ಲ್‌ಸೆಕ್ಸ್ ಕೌಂಟಿಯೊಳಗಿನ ಒಂದು ಬರೋ, ಅಂದರೆ ನಮ್ಮ ಜಿಲ್ಲೆಯಂಥ ಕೌಂಟಿಯ ಕೆಳಗೆ ತನ್ನದೇ ಕೌನ್ಸಿಲ್ ಇದ್ದ ಪಟ್ಟಣ. ಅಲ್ಲಿನ ಹೆಲ್ತ್ ಆಫೀಸರ ವರದಿಯಲ್ಲಿ ತಾಯಿ ಮಕ್ಕಳ ಕ್ಲಿನಿಕ್ ಬಗ್ಗೆ ಹುಡುಕುತ್ತಾ ಹೋದರೆ 1948ರ ನಂತರ ಕೈಗೆ ಸಿಗುವುದು ಕಡಿಮೆ. ಕ್ಲಿನಿಕ್ ಮುಚ್ಚಿಬಿಟ್ಟರಾ? ಇಲ್ಲ. ಆ ಕೆಲಸ ಕೌಂಟಿಗೆ ಹೋಯಿತು. 1948ರ ಜುಲೈ 5ರಂದು ಸರ್ಕಾರವೇ ಎಲ್ಲರಿಗೂ ಚಿಕಿತ್ಸೆ ಕೊಡುವ ನ್ಯಾಷನಲ್ ಹೆಲ್ತ್ ಸರ್ವೀಸ್ (ಎನ್‌ಎಚ್‌ಎಸ್) ಶುರುವಾದಾಗ ವ್ಯವಸ್ಥೆಯನ್ನು ಮೂರು ಭಾಗ ಮಾಡಿದರು. ಆಸ್ಪತ್ರೆಗಳು ಪ್ರಾದೇಶಿಕ ಮಂಡಳಿಗಳಿಗೆ. ಮನೆ ಡಾಕ್ಟರು, ಹಲ್ಲಿನ ಡಾಕ್ಟರು, ಔಷಧಿ ಅಂಗಡಿ, ಕನ್ನಡಕ ಇವೆಲ್ಲ ಎಕ್ಸಿಕ್ಯುಟಿವ್ ಕೌನ್ಸಿಲ್ ಎನ್ನುವ ಇನ್ನೊಂದು ಸಂಸ್ಥೆಗೆ. ಉಳಿದದ್ದು ಕೌಂಟಿ ಕೌನ್ಸಿಲ್‌ಗಳಿಗೆ ಮತ್ತು ಕೌಂಟಿ ಬರೋ ಎನಿಸಿಕೊಂಡ ದೊಡ್ಡ ಪಟ್ಟಣಗಳಿಗೆ. ಅಂದರೆ ತಾಯಿ ಮಕ್ಕಳ ಆರೈಕೆ, ಸೂಲಗಿತ್ತಿ ನರ್ಸುಗಳು, ಮಗು ಹುಟ್ಟಿದ ಮನೆಗೆ ಹೋಗಿ ಸಲಹೆ ಕೊಡುವ ಹೆಲ್ತ್ ವಿಸಿಟರ್, ಮನೆಗೆ ಬರುವ ನರ್ಸ್, ಲಸಿಕೆ, ಆಂಬುಲೆನ್ಸ್, ಕಾಯಿಲೆ ತಡೆಯುವ ಕೆಲಸ, ಮನೆಗೆಲಸಕ್ಕೆ ನೆರವಾಗುವ ಹೋಮ್ ಹೆಲ್ಪ್. ಸಣ್ಣ ಬರೋಗಳ ಕೈಯಲ್ಲಿ ಉಳಿದಿದ್ದು ಚರಂಡಿ, ಮನೆ, ಆಹಾರ ತಪಾಸಣೆ, ಸಾಂಕ್ರಾಮಿಕ ರೋಗ.

ಲಂಡನ್ ನಗರದೊಳಗೂ ಇದೇ ಕಥೆ. ಅಲ್ಲಿ 28 ಬರೋಗಳಿದ್ದವು, ಮೇಲೆ ಲಂಡನ್ ಕೌಂಟಿ ಕೌನ್ಸಿಲ್. 1948ರ ನಂತರ ಬರೋಗಳ ಕ್ಲಿನಿಕ್‌ಗಳು ಕೌಂಟಿ ಪಾಲಾದವು. 1965ರಲ್ಲಿ ಲಂಡನ್ನಿನ ಆಡಳಿತವನ್ನೇ ಬದಲಾಯಿಸಿದಾಗ ಹೊಸದಾಗಿ ಹುಟ್ಟಿದ 32 ಬರೋಗಳಿಗೆ ಆ ಕೆಲಸ ವಾಪಸ್ ಬಂತು. ಸೌತಾಲ್ ಆಗ ಈಲಿಂಗ್ ಬರೋದೊಳಗೆ ಸೇರಿಕೊಂಡಿತು. ಹಾಗಾಗಿ ಒಂದೇ ಬೀದಿಯ ಮಕ್ಕಳಿಗೆ ಯಾರು ಲಸಿಕೆ ಹಾಕಿದರು ಎಂದು ತಿಳಿಯಬೇಕಾದರೆ 1947ಕ್ಕೆ ಒಂದು ವರದಿ, 1955ಕ್ಕೆ ಇನ್ನೊಂದು, 1966ಕ್ಕೆ ಮತ್ತೊಂದು ನೋಡಬೇಕು. ನಾನು ಒಂದು ನೋಟ್‌ಬುಕ್ಕಿನ ಎಡ ಪುಟದಲ್ಲಿ ವರ್ಷ, ಬಲ ಪುಟದಲ್ಲಿ ಯಾವ ಕೆಲಸ ಯಾರ ಬಳಿ ಇತ್ತು ಎಂದು ಮೊದಲು ಬರೆದಿಟ್ಟುಕೊಂಡೆ. ಇದೊಂದು ಇದ್ದರೆ ಸಾಕು, ಮುಂದಿನದು ಸಲೀಸು.

ಆಸ್ಪತ್ರೆ ಕೈತಪ್ಪಿದ್ದು ಈ ಡಾಕ್ಟರುಗಳಿಗೆ ನೋವಾಗಿತ್ತು. ಅದಕ್ಕೆ ಮುಂಚೆ ದೊಡ್ಡ ಕೌನ್ಸಿಲ್‌ಗಳ ಹೆಲ್ತ್ ಆಫೀಸರು ಅಂದರೆ ಹಲವಾರು ಆಸ್ಪತ್ರೆಗಳ ಯಜಮಾನರು. 1929ರ ಕಾಯ್ದೆ ಬಡವರ ಆಸ್ಪತ್ರೆಗಳನ್ನೂ ಅವರ ಕೌನ್ಸಿಲ್‌ಗಳಿಗೆ ಕೊಟ್ಟಿತ್ತು. 1948ರಲ್ಲಿ ಅದೆಲ್ಲ ಹೋಯಿತು. ಆ ವರ್ಷದ ಮುನ್ನುಡಿಗಳು ಬಹಳ ಸಭ್ಯವಾಗಿವೆ. ಆದರೂ ಓದಿದರೆ ಒಳಗಿನ ಕಸಿವಿಸಿ ಗೊತ್ತಾಗುತ್ತದೆ. ಮುನ್ನುಡಿಯನ್ನು ನಾನು ಯಾವಾಗಲೂ ಕೊನೆಗೆ ಓದುತ್ತೇನೆ. ಅದು ಕೌನ್ಸಿಲ್ ಸದಸ್ಯರನ್ನು ಖುಷಿಪಡಿಸಲು ಬರೆದದ್ದು.

ಮೊದಲು ನೋಡುವುದು ಸಿಬ್ಬಂದಿ ಪಟ್ಟಿ. ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ಖಾಲಿ ಇದೆ. ನಮ್ಮ ಕಡೆ ಇಪ್ಪತ್ತು ವಾರ್ಡಿಗೆ ಇಬ್ಬರು ಇನ್ಸ್‌ಪೆಕ್ಟರುಗಳಿದ್ದಾಗ ಏನಾಗುತ್ತದೆ ಅಂತ ನನಗೆ ಗೊತ್ತು. ಅಲ್ಲೂ ಅಷ್ಟೇ. 1950ರ, 60ರ ದಶಕದ ವರದಿಗಳಲ್ಲಿ ಹೆಲ್ತ್ ವಿಸಿಟರ್ ಸಿಗುತ್ತಿಲ್ಲ, ಇನ್ಸ್‌ಪೆಕ್ಟರ್ ಸಿಗುತ್ತಿಲ್ಲ ಎನ್ನುವ ಗೋಳು ಮತ್ತೆ ಮತ್ತೆ ಬರುತ್ತದೆ. ಒಂದು ವರ್ಷ ಮನೆಭೇಟಿ ಅರ್ಧಕ್ಕೆ ಇಳಿದಿದ್ದರೆ ಅದಕ್ಕೆ ಉತ್ತರ ಹೆಚ್ಚಾಗಿ ಸಿಬ್ಬಂದಿ ಪಟ್ಟಿಯಲ್ಲೇ ಇರುತ್ತದೆ. ಊರಿನ ಜನ ಆರೋಗ್ಯವಂತರಾದರು ಅಂತೇನಲ್ಲ.

ಅಂದಹಾಗೆ, ಇಂಥ ಪಟ್ಟಿಗಳನ್ನು ನೋಡುವಾಗಲೇ ನನಗೆ ಡಾಕ್ಟರ್ ಚುನ್ನೀಲಾಲ್ ಕತಿಯಾಲ್ ಅವರ ಪರಿಚಯವಾದದ್ದು. ಪಂಜಾಬಿನಿಂದ ಬಂದ ಡಾಕ್ಟರು. ಲಂಡನ್ನಿನ ಫಿನ್ಸ್‌ಬರಿ ಬರೋದಲ್ಲಿ ಪಬ್ಲಿಕ್ ಹೆಲ್ತ್ ಕಮಿಟಿಯ ಅಧ್ಯಕ್ಷರಾಗಿದ್ದರು. 1938ರಲ್ಲಿ ಅಲ್ಲಿನ ಮೇಯರ್ ಆದರು. ಆ ವರ್ಷವೇ ತೆರೆದ ಫಿನ್ಸ್‌ಬರಿ ಹೆಲ್ತ್ ಸೆಂಟರ್ ಹಿಂದೆ ಅವರ ಪ್ರಯತ್ನ ದೊಡ್ಡದು. ಕ್ಷಯದ ಕ್ಲಿನಿಕ್, ಹಲ್ಲಿನ ಚಿಕಿತ್ಸೆ, ಪಾದದ ಚಿಕಿತ್ಸೆ, ಬಿಸಿಲು ಕಾಣದ ಮಕ್ಕಳಿಗೆ ದೀಪದ ಚಿಕಿತ್ಸೆ, ತಿಗಣೆ ಹತ್ತಿದ ಹಾಸಿಗೆ ಬಟ್ಟೆಯನ್ನು ಶುದ್ಧ ಮಾಡುವ ಜಾಗ, ಎಲ್ಲ ಒಂದೇ ಸೂರಿನಡಿ. ಎಂಟು ವರ್ಷದ ನಂತರ ಇಡೀ ದೇಶಕ್ಕೆ ಇಂಥದ್ದು ಬೇಕೆಂದು ಕಾಯ್ದೆ ಮಾಡಿದರು. ಆದರೆ ದುಡ್ಡಿಲ್ಲದೆ ಬಹಳ ವರ್ಷ ಹೆಚ್ಚು ಕಟ್ಟಲಿಲ್ಲ. 1952ರಲ್ಲಿ ಲಂಡನ್ನಿನ ವುಡ್‌ಬರಿ ಡೌನ್‌ನಲ್ಲಿ ಒಂದು ತೆರೆಯಿತು. ಅಂಥವು ಬೆರಳೆಣಿಕೆ. ಕತಿಯಾಲ್ ಬಗ್ಗೆ ಇನ್ನೊಂದು ವಿಷಯ. 1931ರಲ್ಲಿ ಗಾಂಧೀಜಿ ಮತ್ತು ಚಾರ್ಲಿ ಚಾಪ್ಲಿನ್ ಭೇಟಿಯಾದದ್ದು ಅವರ ಮನೆಯಲ್ಲೇ.

ಸಿಬ್ಬಂದಿ ಆದಮೇಲೆ ಜನನ ಮರಣ. ಇಲ್ಲಿ ಜನ ತಕ್ಷಣ ಶಿಶುಮರಣದ ಅಂಕಿ ಹಿಡಿದು ಊರೂರು ಹೋಲಿಸಲು ಶುರು ಮಾಡುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್ ಒಟ್ಟಿಗೆ ತೆಗೆದುಕೊಂಡರೆ ಹೋಲಿಕೆ ಸರಿ. 1900ರ ಸುಮಾರಿಗೆ ಹುಟ್ಟಿದ ಸಾವಿರ ಮಕ್ಕಳಲ್ಲಿ 150ರಷ್ಟು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು, 1948ರಲ್ಲಿ 34, 1970ರಲ್ಲಿ 18. ಆದರೆ ಒಂದು ಸಣ್ಣ ಬರೋದಲ್ಲಿ ವರ್ಷಕ್ಕೆ 500 ಮಕ್ಕಳು ಹುಟ್ಟುತ್ತವೆ ಅಂದುಕೊಳ್ಳಿ. ಈ ವರ್ಷ 10 ಸತ್ತರೆ ಸಾವಿರಕ್ಕೆ 20. ಮುಂದಿನ ವರ್ಷ 14 ಸತ್ತರೆ 28. ನಾಲ್ಕು ಮಕ್ಕಳ ವ್ಯತ್ಯಾಸದಲ್ಲಿ ಊರು ಹಾಳಾಯಿತು ಎನ್ನುವ ಹಾಗೆ ಕಾಣುತ್ತದೆ. ನಾನು ಐದೈದು ವರ್ಷ ಒಟ್ಟು ಸೇರಿಸಿ ಸರಾಸರಿ ತೆಗೆದೆ. ಇನ್ನೊಂದು, ವಯಸ್ಸಾದವರು ಜಾಸ್ತಿ ಇರುವ ಊರಿನಲ್ಲಿ ಸಾವೂ ಜಾಸ್ತಿ ಇರುತ್ತದೆ. ಅದನ್ನು ಸರಿದೂಗಿಸಲು ರಿಜಿಸ್ಟ್ರಾರ್ ಜನರಲ್ ಕಚೇರಿ ಪ್ರತಿ ಊರಿಗೂ ಒಂದು ಗುಣಕ ಕೊಡುತ್ತಿತ್ತು. ವರದಿಯಲ್ಲಿ ಅದು ಒಂದು ಸಾಲಿನಲ್ಲಿ ಸುಮ್ನೆ ಕೂತಿರುತ್ತದೆ. ಅದರಿಂದ ಗುಣಿಸಿದ ಮೇಲೆಯೇ ಎರಡು ಊರುಗಳನ್ನು ಅಕ್ಕಪಕ್ಕ ಇಡಬೇಕು.

ವರ್ಷದ ಲೆಕ್ಕ ಕೆಲವು ದೊಡ್ಡ ಸಂಗತಿಗಳನ್ನು ನುಂಗಿಬಿಡುತ್ತದೆ. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಹೊಗೆಮಂಜು ಕವಿದಿತ್ತು. ಲಂಡನ್ ಕೌಂಟಿಯಲ್ಲಿ ಡಿಸೆಂಬರ್ 6ಕ್ಕೆ ಮುಗಿದ ವಾರ 945 ಸಾವು. ಮುಂದಿನ ವಾರ 2,484. ಆದರೆ ಬರೋ ವರದಿಯ ವರ್ಷದ ಒಟ್ಟು ಮೊತ್ತ ನೋಡಿದರೆ ಬ್ರಾಂಕೈಟಿಸ್ ಸಾಲಿನಲ್ಲಿ ಸ್ವಲ್ಪ ಏರಿಕೆ, ಅಷ್ಟೇ. ವಾರದ ಲೆಕ್ಕ ಕೊಟ್ಟ ಡಾಕ್ಟರು ಯಾರು, ಕೊಡದವರು ಯಾರು ಎನ್ನುವುದನ್ನು ನಾನು ಗುರುತು ಮಾಡಿಕೊಂಡೆ. ಕೊಟ್ಟವರ ವರದಿಗಳನ್ನು ಮುಂದೆಯೂ ನಂಬಿಕೆಯಿಂದ ಓದಿದೆ. 1956ರಲ್ಲಿ ಕ್ಲೀನ್ ಏರ್ ಆಕ್ಟ್ ಬಂದ ಮೇಲೆ ಹೊಗೆ ತಡೆಯುವ ಕೆಲಸ ಬಿದ್ದದ್ದು ಕೌನ್ಸಿಲ್ ಇನ್ಸ್‌ಪೆಕ್ಟರುಗಳ ತಲೆಗೇ. ಪ್ರದೇಶ ಗೊತ್ತು ಮಾಡಬೇಕು, ಮನೆ ಮನೆಗೆ ಹೋಗಿ ಯಾವ ಒಲೆ ಇದೆ ಎಂದು ಬರೆಯಬೇಕು, ಹೊಗೆ ಕಡಿಮೆ ಬರುವ ಇಂಧನಕ್ಕೆ ಒಲೆ ಬದಲಾಯಿಸಿದರೆ ಖರ್ಚಿನ ಹತ್ತರಲ್ಲಿ ಏಳು ಭಾಗ ಮಂಜೂರು ಮಾಡಬೇಕು. ಮುಂದಿನ ಹತ್ತು ವರ್ಷದ ವರದಿಗಳಲ್ಲಿ ಈ ಕೆಲಸ ಬೀದಿ ಬೀದಿಯಾಗಿ ಹರಡುವುದನ್ನು ಕಾಣಬಹುದು. ನನಗೆ ಬಹಳ ಇಷ್ಟವಾದ ಪುಟಗಳು ಇವೇ.

ಈಗ ನನ್ನದೇ ಕಸುಬಿನ ಪುಟಕ್ಕೆ ಬರುತ್ತೇನೆ. 1956ರವರೆಗೆ ಅವರನ್ನು ಸ್ಯಾನಿಟರಿ ಇನ್ಸ್‌ಪೆಕ್ಟರ್ ಎನ್ನುತ್ತಿದ್ದರು. ಆಮೇಲೆ ಪಬ್ಲಿಕ್ ಹೆಲ್ತ್ ಇನ್ಸ್‌ಪೆಕ್ಟರ್ ಆದರು. ಸ್ಕ್ಯಾನ್ ಮಾಡಿದ ವರದಿಗಳಲ್ಲಿ ಪದ ಹಾಕಿ ಹುಡುಕುವವರು ಆ ಕಾಲದ ಪದವನ್ನೇ ಹಾಕಬೇಕು. ಹೋಮ್ ಹೆಲ್ಪ್ ಸಿಗದಿದ್ದರೆ ಡೊಮೆಸ್ಟಿಕ್ ಹೆಲ್ಪ್ ಎಂದು ಹಾಕಿ ನೋಡಿ. ಹೇನಿನ ವಿಷಯಕ್ಕೆ ವರ್ಮಿನಸ್ ಎಂದು ಹಾಕಿ.

ಇನ್ಸ್‌ಪೆಕ್ಟರ ಕೋಷ್ಟಕ ಮೊದಲ ನೋಟಕ್ಕೆ ಬರೀ ಬೇಸರ. ದೂರು ಇಷ್ಟು, ಭೇಟಿ ಇಷ್ಟು, ಮರುಭೇಟಿ ಇಷ್ಟು. ಅದರ ಕೆಳಗೆ ನೋಟಿಸ್ ಸಾಲುಗಳಿರುತ್ತವೆ. ಅವನ್ನು ಬಿಡಬೇಡಿ. ಕೆಲಸ ನಡೆಯುತ್ತಿದ್ದ ಕ್ರಮ ಹೀಗೆ. ಬಾಡಿಗೆದಾರರು ಬಂದು ಛಾವಣಿ ಸೋರುತ್ತದೆ, ಗೋಡೆ ತೇವ ಹಿಡಿದಿದೆ ಅನ್ನುತ್ತಾರೆ. ಇನ್ಸ್‌ಪೆಕ್ಟರ್ ಹೋಗಿ ನೋಡಿ ಮನೆ ಮಾಲೀಕರಿಗೆ ಒಂದು ಸಾದಾ ನೋಟಿಸ್ ಕಳಿಸುತ್ತಾರೆ. ರಿಪೇರಿ ಆಗದಿದ್ದರೆ ಪಬ್ಲಿಕ್ ಹೆಲ್ತ್ ಆಕ್ಟ್ ಪ್ರಕಾರ ಕಾನೂನಿನ ನೋಟಿಸ್. ಅದಕ್ಕೂ ಬಗ್ಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಈ ಮೂರು ಅಂಕಿಗಳನ್ನು ಅಕ್ಕಪಕ್ಕ ಬರೆದರೆ ಆ ಕಚೇರಿಯ ಸ್ವಭಾವ ಗೊತ್ತಾಗುತ್ತದೆ. ಸಾದಾ ನೋಟಿಸ್ ನೂರಾರು, ಕೋರ್ಟು ಒಂದೂ ಇಲ್ಲ ಅಂದರೆ ಎರಡರಲ್ಲೊಂದು. ಇನ್ಸ್‌ಪೆಕ್ಟರ ಮಾತಿಗೆ ಊರಿನಲ್ಲಿ ಬೆಲೆ ಇತ್ತು, ಇಲ್ಲವೇ ಮಾಲೀಕರಲ್ಲಿ ಕೆಲವರು ಕೌನ್ಸಿಲ್‌ಗೆ ಬೇಕಾದವರು. ಯಾವುದು ಎಂದು ತಿಳಿಯಲು ಎಷ್ಟು ನೋಟಿಸ್‌ಗೆ ಕೆಲಸ ಆಯಿತು ಎನ್ನುವ ಸಾಲು ನೋಡಬೇಕು. ಆ ಸಾಲೇ ಇಲ್ಲದ ವರದಿಯ ಮೇಲೆ ನನಗೆ ನಂಬಿಕೆ ಕಡಿಮೆ. ನಾನೂ ಆ ಸಾಲು ಬರೆಯಲು ಇಷ್ಟಪಡದ ಮೇಲಧಿಕಾರಿಗಳ ಕೈಕೆಳಗೆ ಇದ್ದವನು!

ಮನೆಗಳ ವಿಷಯದಲ್ಲಿ ಅಂಕಿ ಇನ್ನೂ ಜಾರುತ್ತದೆ. 1951ರ ಜನಗಣತಿಯಲ್ಲಿ ಮೊದಲ ಸಲ ಮನೆಯ ಸೌಕರ್ಯಗಳನ್ನು ಕೇಳಿದರು. ಇಂಗ್ಲೆಂಡ್ ಮತ್ತು ವೇಲ್ಸಿನ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಕುಟುಂಬಗಳಿಗೆ ಸ್ನಾನದ ತೊಟ್ಟಿಯೇ ಇರಲಿಲ್ಲ. ಅದಕ್ಕೇ ಕೌನ್ಸಿಲ್‌ಗಳು ಸಾರ್ವಜನಿಕ ಸ್ನಾನದ ಮನೆ ನಡೆಸುತ್ತಿದ್ದವು. 1955ರಲ್ಲಿ ಸರ್ಕಾರ ಎಲ್ಲ ಕೌನ್ಸಿಲ್‌ಗಳಿಂದ ವಾಸಕ್ಕೆ ಯೋಗ್ಯವಲ್ಲದ ಮನೆಗಳ ಲೆಕ್ಕ ತರಿಸಿಕೊಂಡಿತು. ಒಟ್ಟು ಸುಮಾರು 8,47,000. ಅದರಲ್ಲಿ ಲಿವರ್‌ಪೂಲ್ ಒಂದೇ 88,000ದಷ್ಟು, ಮ್ಯಾಂಚೆಸ್ಟರ್ 68,000ದಷ್ಟು. ಉಳಿದ ಊರುಗಳಲ್ಲಿ ಕೆಟ್ಟ ಮನೆ ಅಷ್ಟು ಕಡಿಮೆ ಇತ್ತಾ? ಒಂದೊಂದು ಕೌನ್ಸಿಲ್ ಒಂದೊಂದು ಅಳತೆ ಹಿಡಿದಿತ್ತು. ತಾವು ಕೆಡವಿ ಬೇರೆ ಮನೆ ಕೊಡಲು ಸಾಧ್ಯವಿರುವಷ್ಟನ್ನೇ ಕೆಲವರು ಕೆಟ್ಟ ಮನೆ ಎಂದು ಬರೆದರು. ಇಂಥದ್ದನ್ನು ನಾವೂ ಮಾಡಿದ್ದೇವೆ, ಗುಡಿಸಲು ಸರ್ವೆ ಮಾಡಿದ ಯಾರನ್ನಾದರೂ ಕೇಳಿ.

ರೋಗಗಳ ಪುಟವನ್ನು ಬೇಗ ಹೇಳಿಬಿಡುತ್ತೇನೆ. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಗಂಟಲಮಾರಿ ಅಂದರೆ ಡಿಫ್ತೀರಿಯಾ 1940ರಲ್ಲಿ 46,000ಕ್ಕೂ ಹೆಚ್ಚು ಜನಕ್ಕೆ ಬಂದು 2,400ಕ್ಕೂ ಹೆಚ್ಚು ಜನ ಸತ್ತಿದ್ದರು. ಆ ವರ್ಷ ಶುರುವಾದ ಲಸಿಕೆ ಅಭಿಯಾನದಿಂದ 1957ರ ಹೊತ್ತಿಗೆ ಇಡೀ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 40 ಕೇಸೂ ಇರಲಿಲ್ಲ. ಲಸಿಕೆಯನ್ನು ಹಾಕಿದವರು ಈ ಕೌನ್ಸಿಲ್‌ಗಳ ಕ್ಲಿನಿಕ್ಕಿನವರೇ. ಆದರೆ ಲಸಿಕೆ ಸಾಲು ಧಿಡೀರ್ ಏರಿದ ಕಡೆಯೆಲ್ಲ ಅವರಿಗೇ ಶಾಭಾಸ್ ಕೊಡಬೇಡಿ. 1959ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್ ತಂಡದ ಫುಟ್‌ಬಾಲ್ ಆಟಗಾರ ಜೆಫ್ ಹಾಲ್ 29ನೇ ವಯಸ್ಸಿಗೆ ಪೋಲಿಯೋದಿಂದ ಸತ್ತರು. ಅಲ್ಲಿಯವರೆಗೆ ಕರೆದರೂ ಬಾರದ ಹುಡುಗ ಹುಡುಗಿಯರು ಕ್ಲಿನಿಕ್ ಮುಂದೆ ಸಾಲು ನಿಂತರು. 1962ರ ಮೊದಲ ತಿಂಗಳುಗಳಲ್ಲಿ ಪಾಕಿಸ್ತಾನದಿಂದ ಬಂದ ಸಿಡುಬು ಬ್ರಾಡ್‌ಫರ್ಡ್ ಮತ್ತು ದಕ್ಷಿಣ ವೇಲ್ಸಿನಲ್ಲಿ ಕಾಣಿಸಿಕೊಂಡಾಗಲೂ ಹೀಗೇ. ಹೆದರಿಕೆ ಮಾಡಿದ ಕೆಲಸ ಅದು. ದಡಾರದ ಸಾಲು ಎರಡು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಲಸಿಕೆ ಬಂದ 1968ಕ್ಕೆ ಮುಂಚೆ ಅದರ ಸಹಜ ನಡಿಗೆಯೇ ಹಾಗಿತ್ತು, ಏನೋ ಆಗಿದೆ ಎಂದು ಗಾಬರಿಯಾಗಬೇಕಿಲ್ಲ.

ಹೆಲ್ತ್ ವಿಸಿಟರ್‌ಗಳ ಪುಟ ನಮ್ಮ ಊರಿನ ಎಎನ್‌ಎಂ ಅಕ್ಕಂದಿರ ನೆನಪು ತಂದಿತು. ಮಗು ಹುಟ್ಟಿದರೆ 36 ಗಂಟೆಯೊಳಗೆ ಹೆಲ್ತ್ ಆಫೀಸರಿಗೆ ತಿಳಿಸಬೇಕೆಂಬ ಕಾನೂನು ಇತ್ತು. ಆ ಚೀಟಿ ಹಿಡಿದು ವಿಸಿಟರ್ ಮನೆಗೆ ಹೋಗುತ್ತಿದ್ದರು. 1960ರ ಸುಮಾರಿಗೂ ಮೂರರಲ್ಲಿ ಒಂದು ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ಹೆರಿಗೆ ಮಾಡಿಸುವ ನರ್ಸೂ ಕೌನ್ಸಿಲ್‌ನವರೇ. ಇವರ ಕೋಷ್ಟಕದಲ್ಲಿ ಕೆಲವು ಕಡೆ ಬಾಗಿಲು ಹಾಕಿದ್ದ ಮನೆಗಳ ಲೆಕ್ಕ ಬೇರೆ ಕೊಟ್ಟಿರುತ್ತಾರೆ. ಅದು ಏರುತ್ತಾ ಹೋದರೆ ಆ ಊರಿನ ತಾಯಂದಿರು ಕೆಲಸಕ್ಕೆ ಹೋಗಲು ಶುರು ಮಾಡಿದ್ದಾರೆ ಎಂದು ಅನುಮಾನಿಸಿ. ಡೇ ನರ್ಸರಿಗೆ ಹೆಸರು ಬರೆಸಿ ಕಾಯುತ್ತಿರುವವರ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ.

ಮಗಳ ಮನೆಯ ಪಕ್ಕದಲ್ಲಿ ಒಬ್ಬರು ಇಂಗ್ಲಿಷ್ ಅಜ್ಜಿ ಇದ್ದಾರೆ. ನಾನು ಏನು ಓದುತ್ತಿದ್ದೇನೆ ಎಂದು ಕೇಳಿದಾಗ ವೆಲ್ಫೇರ್ ಫುಡ್ಸ್ ಪುಟ ತೋರಿಸಿದೆ. ಯುದ್ಧದ ಕಾಲದಲ್ಲಿ ಶುರುವಾದ ಯೋಜನೆ. ಕ್ಲಿನಿಕ್ಕಿನಲ್ಲಿ ಮಕ್ಕಳಿಗೆ ಕಾಡ್ ಮೀನಿನ ಎಣ್ಣೆ ಬಿಟ್ಟಿ, ಕಿತ್ತಳೆ ರಸದ ಶೀಸೆ 5 ಪೆನ್ಸಿಗೆ, ಹಾಲಿನ ಪುಡಿ ಅಗ್ಗಕ್ಕೆ. ಅಜ್ಜಿಗೆ ಖುಷಿಯೋ ಖುಷಿ. ರಸವನ್ನು ಅಣ್ಣ ತಂಗಿ ಕದ್ದು ಕುಡಿಯುತ್ತಿದ್ದರಂತೆ. ಎಣ್ಣೆ ಚಮಚ ಕಂಡರೆ ಓಡುತ್ತಿದ್ದರಂತೆ. ಹಾಲಿನ ಪುಡಿ ಡಬ್ಬ ಅವರಪ್ಪನ ಷೆಡ್ಡಿನಲ್ಲಿ ಮೊಳೆ ಹಾಕಿಡಲು. ವರದಿಯಲ್ಲಿ ನೋಡಿದರೆ ಹಲವು ಕಡೆ ಇದೇ ಲೆಕ್ಕ. ಕಿತ್ತಳೆ ರಸ ಖರ್ಚಾಗುತ್ತದೆ, ಬಿಟ್ಟಿ ಕೊಟ್ಟರೂ ಎಣ್ಣೆ ಖರ್ಚಾಗುವುದಿಲ್ಲ. ಸ್ಕೂಲಿಗೆ ಬಂದು ತಲೆಯಲ್ಲಿ ಹೇನು ನೋಡುತ್ತಿದ್ದ ನರ್ಸನ್ನು ಅಜ್ಜಿ ಇಂದಿಗೂ ಕ್ಷಮಿಸಿಲ್ಲ.

ಆ ಎಣ್ಣೆಯ ಕಥೆಗೆ ಇನ್ನೊಂದು ಬಾಲ ಇದೆ. ಅದು ನಮ್ಮವರಿಗೆ ಸಂಬಂಧಿಸಿದ್ದು. ವಿಟಮಿನ್ ಡಿ ಕಡಿಮೆಯಾಗಿ ಮೂಳೆ ಬಾಗುವ ರಿಕೆಟ್ಸ್ ಕಾಯಿಲೆ ಬ್ರಿಟನ್ನಿನಲ್ಲಿ ಮುಗಿದೇ ಹೋಯಿತು ಎಂದು ಎಲ್ಲರೂ ಅಂದುಕೊಂಡಿದ್ದರು. ವಿಟಮಿನ್ ಡಿ ಅತಿಯಾಗಿ ಕೆಲವು ಮಕ್ಕಳಿಗೆ ತೊಂದರೆಯಾಗುತ್ತಿದೆ ಎಂದು 1957ರಲ್ಲಿ ಹಾಲಿನ ಪುಡಿ, ಎಣ್ಣೆಗಳಲ್ಲಿ ಅದರ ಪ್ರಮಾಣ ಇಳಿಸಿದರು. 1960ರ ದಶಕದ ಶುರುವಿನಲ್ಲಿ ಗ್ಲಾಸ್ಗೋದ ಡಾಕ್ಟರುಗಳು ದಕ್ಷಿಣ ಏಷ್ಯಾದಿಂದ ಬಂದ ಕುಟುಂಬಗಳ ಮಕ್ಕಳಲ್ಲಿ ರಿಕೆಟ್ಸ್ ಕಂಡರು. 1965ರಿಂದ ಇನ್ನೊಂದು ಪದ್ಧತಿ ಬಂತು. ಇರಲು ಬಂದವರು ವಿಮಾನ ನಿಲ್ದಾಣದಲ್ಲಿ ಕೊಟ್ಟ ವಿಳಾಸ ಆ ಊರಿನ ಹೆಲ್ತ್ ಆಫೀಸರಿಗೆ ಹೋಗುತ್ತಿತ್ತು. ಡಾಕ್ಟರ ಬಳಿ ಹೆಸರು ಬರೆಸಿ, ಎದೆ ಎಕ್ಸ್-ರೇ ತೆಗೆಸಿಕೊಳ್ಳಿ ಎಂದು ಹೇಳಲು ಯಾರಾದರೂ ಮನೆಗೆ ಬರುತ್ತಿದ್ದರು. ಈ ಪುಟಗಳ ಧಾಟಿ ಒಂದೇ ತರಹ ಇಲ್ಲ. ಕೆಲವರು ಮನೆಯಲ್ಲಿ ಜನ ತುಂಬಿರುವುದಕ್ಕೆ ಬಾಡಿಗೆ ಮನೆ ಸಿಗದಿರುವುದೇ ಕಾರಣ ಎಂದು ನೇರವಾಗಿ ಬರೆಯುತ್ತಾರೆ. ಕೆಲವರು ಬಂದವರ ಅಭ್ಯಾಸವೇ ಹಾಗೆ ಎಂದು ಕೈ ತೊಳೆದುಕೊಳ್ಳುತ್ತಾರೆ. ಅಂಥವರು ಹತ್ತು ವರ್ಷ ಹಿಂದೆ ತಮ್ಮದೇ ಊರಿನ ಬಡ ಬಿಳಿಯರ ಬಗ್ಗೆ ಏನು ಬರೆದಿದ್ದರು ಎಂದು ಹುಡುಕಿ ನೋಡಿ. ಪ್ರಾಬ್ಲಮ್ ಫ್ಯಾಮಿಲಿ ಎಂಬ ಹಣೆಪಟ್ಟಿ ಅಲ್ಲಿ ಧಾರಾಳವಾಗಿ ಸಿಗುತ್ತದೆ. ಇವರ ಸಿಟ್ಟು ಬಣ್ಣಕ್ಕಿಂತ ಮೊದಲು ಬಡತನದ ಮೇಲೆ ಅಂತ ನನಗೆ ಅನ್ನಿಸಿತು.

ನಾನು ಜಾಸ್ತಿ ಹೊತ್ತು ಕೂತದ್ದು ವಯಸ್ಸಾದವರ ಪುಟಗಳಲ್ಲಿ. ನನ್ನ ವಯಸ್ಸೂ ಕಾರಣ ಇರಬಹುದು. ನ್ಯಾಷನಲ್ ಅಸಿಸ್ಟೆನ್ಸ್ ಆಕ್ಟ್ ಕೂಡ 1948ರ ಅದೇ ಜುಲೈ 5ಕ್ಕೆ ಜಾರಿಗೆ ಬಂತು. ಹಳೆಯ ಬಡವರ ಕಾನೂನು ಅವತ್ತಿಗೆ ಮುಗಿಯಿತು. ಆಸರೆ ಬೇಕಾದ ವೃದ್ಧರಿಗೆ ಇರಲು ಜಾಗ ಕೊಡುವುದು ಕೌಂಟಿ ಮತ್ತು ಕೌಂಟಿ ಬರೋಗಳ ಕರ್ತವ್ಯವಾಯಿತು. ಕಾಯ್ದೆಯ ಮೂರನೇ ಭಾಗದಲ್ಲಿ ಇದು ಬರುವುದರಿಂದ ಆ ಮನೆಗಳಿಗೆ ಪಾರ್ಟ್ ತ್ರೀ ಎಂದೇ ಹೆಸರು. ಹೊಸ ಮನೆ ಕಟ್ಟಲು ದುಡ್ಡಿಲ್ಲ. ಹಾಗಾಗಿ ಬಹಳ ಕಡೆ ಹಳೆಯ ವರ್ಕ್‌ಹೌಸ್, ಅಂದರೆ ದಿಕ್ಕಿಲ್ಲದ ಬಡವರನ್ನು ಇಟ್ಟು ದುಡಿಸುತ್ತಿದ್ದ ಕಟ್ಟಡವೇ ಪಾರ್ಟ್ ತ್ರೀ ಆಯಿತು. ಬೋರ್ಡ್ ಬದಲಾಯಿತು, ಗೋಡೆ ಅದೇ. ಊರಿನವರು ಅದನ್ನು ವರ್ಕ್‌ಹೌಸ್ ಎಂದೇ ಕರೆಯುತ್ತಿದ್ದರು. ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದೇ ವಾಸಿ ಅನ್ನುವ ವೃದ್ಧರು ಮನೆಯಲ್ಲೇ ಉಳಿದರು. ಇದರ ಖರ್ಚು ಬಿದ್ದದ್ದು ಹೋಮ್ ಹೆಲ್ಪ್ ಮೇಲೆ.

ಹೋಮ್ ಹೆಲ್ಪ್ ಅಂದರೆ ಕೌನ್ಸಿಲ್ ಸಂಬಳ ಕೊಟ್ಟು ಮನೆಗೆ ಕಳಿಸುತ್ತಿದ್ದ ಹೆಂಗಸು. ನೆಲ ಒರೆಸುವುದು, ಕಲ್ಲಿದ್ದಲು ತಂದು ಒಲೆ ಹಚ್ಚುವುದು, ಅಂಗಡಿಗೆ ಹೋಗುವುದು, ಅಡುಗೆ. ಮೊದಲು ಇದು ಬಾಣಂತಿಯರಿಗೆ ಎಂದು ಹೆಸರಾಗಿತ್ತು. ವರ್ಷ ವರ್ಷವೂ ಫಲಾನುಭವಿಗಳ ಕೋಷ್ಟಕ ನೋಡುತ್ತಾ ಹೋಗಿ. ಬಾಣಂತಿಯರ ಸಾಲು ಸಣ್ಣದಾಗುತ್ತದೆ, ವೃದ್ಧರ ಸಾಲು ಬೆಳೆಯುತ್ತದೆ. ಮನೆಗೆ ಬರುವ ನರ್ಸು ಬಿಟ್ಟಿ, ಹೋಮ್ ಹೆಲ್ಪ್‌ಗೆ ಮಾತ್ರ ಆದಾಯ ನೋಡಿ ದುಡ್ಡು ಹಾಕಬಹುದಿತ್ತು. ಯಾವ ಕೌನ್ಸಿಲ್ ಎಷ್ಟು ವಸೂಲಿ ಮಾಡಿತು ಎನ್ನುವುದನ್ನು ನಾನು ತಪ್ಪದೆ ಬರೆದುಕೊಂಡೆ. ದರ ಏರಿದ ವರ್ಷ ಸೇವೆ ಬೇಡ ಎಂದವರ ಲೆಕ್ಕವೂ ಕೆಲವು ವರದಿಗಳಲ್ಲಿ ಸಿಗುತ್ತದೆ. ಮೀಲ್ಸ್ ಆನ್ ವೀಲ್ಸ್ ಊಟವನ್ನು ಬಹುಪಾಲು ಡಬ್ಲ್ಯುವಿಎಸ್ ಎಂಬ ಸ್ವಯಂಸೇವಕಿಯರ ಸಂಘ ಹಂಚುತ್ತಿತ್ತು. ಕೌನ್ಸಿಲ್‌ಗಳು ತಾವೇ ಊಟ ಕೊಡಲು ಕಾನೂನು ಅವಕಾಶ ಮಾಡಿದ್ದು 1962ರಲ್ಲಿ. ಅದಕ್ಕೆ ಮುಂಚಿನ ವರದಿಯಲ್ಲಿ ಊಟದ ಲೆಕ್ಕ ಕಾಣದಿದ್ದರೆ ಊಟವೇ ಇರಲಿಲ್ಲ ಅಂದುಕೊಳ್ಳಬೇಡಿ.

1948ರ ಆ ನ್ಯಾಷನಲ್ ಅಸಿಸ್ಟೆನ್ಸ್ ಆಕ್ಟಿನ 47ನೇ ಸೆಕ್ಷನ್ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಒಬ್ಬರು ವಯಸ್ಸಾಗಿ, ಅಶಕ್ತರಾಗಿ, ಗಲೀಜಿನಲ್ಲಿ ಬದುಕುತ್ತಿದ್ದಾರೆ, ತಮ್ಮನ್ನು ನೋಡಿಕೊಳ್ಳಲಾರರು, ನೋಡಿಕೊಳ್ಳುವವರೂ ಇಲ್ಲ ಎಂದು ಹೆಲ್ತ್ ಆಫೀಸರ್ ಬರೆದುಕೊಟ್ಟರೆ ಕೋರ್ಟು ಅವರನ್ನು ಇಷ್ಟವಿಲ್ಲದಿದ್ದರೂ ಆಸ್ಪತ್ರೆಗೋ ಪಾರ್ಟ್ ತ್ರೀ ಮನೆಗೋ ಸಾಗಿಸಲು ಹೇಳಬಹುದಿತ್ತು. ಒಂದು ಸಲಕ್ಕೆ ಮೂರು ತಿಂಗಳವರೆಗೆ. ಅದಕ್ಕೆ ಏಳು ದಿನ ಮುಂಚೆ ತಿಳಿಸಬೇಕಿತ್ತು. 1951ರ ತಿದ್ದುಪಡಿಯಿಂದ, ತುರ್ತು ಅನ್ನಿಸಿದರೆ ಇನ್ನೊಬ್ಬ ಡಾಕ್ಟರ ಸಹಿಯೊಂದಿಗೆ ಮುನ್ಸೂಚನೆ ಇಲ್ಲದೆಯೇ ಮೂರು ವಾರಕ್ಕೆ ಕರೆದೊಯ್ಯುವ ಹಾಗಾಯಿತು. ವರದಿಯಲ್ಲಿ ಇದು ಎರಡು ಮೂರು ಸಾಲು. ಈ ವರ್ಷ ಯಾರನ್ನೂ ಸಾಗಿಸಬೇಕಾಗಲಿಲ್ಲ ಎಂದೋ, ಒಬ್ಬರನ್ನು ಸಾಗಿಸಿದೆವು ಎಂದೋ ಇರುತ್ತದೆ. ಕೆಲವು ಡಾಕ್ಟರುಗಳು ಮಾತ್ರ ಪೂರ್ತಿ ಪ್ಯಾರಾ ಬರೆದಿದ್ದಾರೆ. ಎಷ್ಟು ಸಲ ಮನವೊಲಿಸಲು ಹೋದರು, ಹೋಮ್ ಹೆಲ್ಪ್ ಕಳಿಸಿ ನೋಡಿದರು, ಹಾಸಿಗೆ ಬಟ್ಟೆ ಒಗೆಸಿಕೊಟ್ಟರು, ಕೊನೆಗೆ ಯಾಕೆ ಬೇರೆ ದಾರಿ ಇರಲಿಲ್ಲ ಎಂದು. ಓದುವಾಗ ನನಗೆ ಒಳ್ಳೆಯ ಹೆಲ್ತ್ ಆಫೀಸರನ್ನು ಗುರುತಿಸುವ ಅಳತೆ ಇದೇ ಆಯಿತು. ಅಧಿಕಾರ ಬಳಸಿದ ದಿನ ಅದನ್ನು ವಿವರಿಸಬೇಕು ಅಂತ ಅನ್ನಿಸಿದವರು.

ಕೆಲಸ ಮಾಡುವ ರೀತಿ ಬಗ್ಗೆ ಇಷ್ಟು. ಸ್ಕ್ಯಾನ್‌ನಿಂದ ಕಂಪ್ಯೂಟರ್ ಓದಿದ ಅಂಕಿಗಳನ್ನು ನೇರ ನಂಬಬೇಡಿ. 3 ಮತ್ತು 8 ಅದಲು ಬದಲಾಗುತ್ತವೆ. ಒಟ್ಟು ಮೊತ್ತ ಕೂಡಿ ನೋಡಿ, ತಾಳೆಯಾಗದಿದ್ದರೆ ಮೂಲ ಪುಟದ ಚಿತ್ರ ತೆರೆಯಿರಿ. ವರ್ಷಕ್ಕೊಂದು ಸಾಲು, ವಿಷಯಕ್ಕೊಂದು ಕಾಲಂ ಮಾಡಿ ಎಕ್ಸೆಲ್‌ನಲ್ಲಿ ಹಾಕಿ. ಪಕ್ಕದಲ್ಲಿ ಒಂದು ಕಾಲಂ ಖಾಲಿ ಬಿಡಿ, ಆ ವರ್ಷ ಯಾವ ಕಾಯ್ದೆ ಬಂತು, ಯಾವ ಹುದ್ದೆ ಖಾಲಿ ಇತ್ತು ಎಂದು ಬರೆಯಲು. ಕೊನೆಗೆ ಉಪಯೋಗಕ್ಕೆ ಬರುವುದು ಆ ಕಾಲಮ್ಮೇ.

ಕೊನೆಯ ವರ್ಷಗಳ ವರದಿಗಳು ತೆಳ್ಳಗಾಗುತ್ತವೆ. 1968ರಲ್ಲಿ ಸೀಬೋಮ್ ಸಮಿತಿ ಕೊಟ್ಟ ಸಲಹೆಯಂತೆ 1971ರ ಏಪ್ರಿಲ್‌ನಿಂದ ಹೋಮ್ ಹೆಲ್ಪ್, ಡೇ ನರ್ಸರಿ, ಮಾನಸಿಕ ರೋಗಿಗಳ ಸಮಾಜಸೇವೆ ಇವು ಹೊಸ ಸೋಷಿಯಲ್ ಸರ್ವೀಸಸ್ ಇಲಾಖೆಗೆ ಹೋದವು. 1974ರ ಏಪ್ರಿಲ್ 1ಕ್ಕೆ ಹೆಲ್ತ್ ವಿಸಿಟರ್, ಸೂಲಗಿತ್ತಿ, ಲಸಿಕೆ, ಆಂಬುಲೆನ್ಸ್ ಎಲ್ಲ ಎನ್‌ಎಚ್‌ಎಸ್ ಸೇರಿದವು. ಮೆಡಿಕಲ್ ಆಫೀಸರ್ ಆಫ್ ಹೆಲ್ತ್ ಹುದ್ದೆಯೇ ಹೋಯಿತು. ನನ್ನ ಕಸುಬಿನ ಇನ್ಸ್‌ಪೆಕ್ಟರುಗಳು ಮಾತ್ರ ಎನ್ವಿರಾನ್‌ಮೆಂಟಲ್ ಹೆಲ್ತ್ ಆಫೀಸರ್ ಎಂಬ ಹೊಸ ಹೆಸರಿನಲ್ಲಿ ಕೌನ್ಸಿಲ್‌ನಲ್ಲೇ ಉಳಿದರು. ಹಾಗಾಗಿ 1971ರಿಂದ ಮುಂದೆ ವೃದ್ಧರ ಲೆಕ್ಕ ಬೇಕಾದವರು ಸೋಷಿಯಲ್ ಸರ್ವೀಸಸ್ ಕಮಿಟಿಯ ಕಾಗದಗಳಲ್ಲಿ, 1974ರಿಂದ ಮುಂದೆ ಲಸಿಕೆ ಲೆಕ್ಕ ಬೇಕಾದವರು ಏರಿಯಾ ಹೆಲ್ತ್ ಅಥಾರಿಟಿಗಳ ಕಾಗದಗಳಲ್ಲಿ ಹುಡುಕಬೇಕು. ಅವುಗಳಿಗೆ ಸ್ಥಳೀಯ ದಾಖಲೆ ಕಚೇರಿಗೆ ಮುಂಚೆಯೇ ಬರೆದು, ಯಾವ ವರ್ಷದ ಕಟ್ಟು ಬೇಕು ಎಂದು ತಿಳಿಸಿ ಹೋಗುವುದು ಒಳ್ಳೆಯದು.